ಜಾನ್ ವೆಸ್ಲಿ ಪೊವೆಲ್: ಹಂಚುವ ಮುನ್ನ ಅಳೆಯಬೇಕೆಂದ ಭೂವಿಜ್ಞಾನಿ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಉತ್ತರ ಭಾಗದಲ್ಲಿ, ರಿಯೊ ಗ್ರಾಂಡೆ ನದಿಯು ಆಳವಾದ ಕಂದರವನ್ನು ದಾಟಿ ಬಯಲಿಗೆ ಇಳಿಯುವ ಎಡೆಯಲ್ಲಿ ಎಂಬುಡೊ ಎಂಬ ಸಣ್ಣ ಊರಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಹೆಸರಿಗೆ ಆಲಿಕೆ ಎಂದು ಅರ್ಥ. ಕೊಲೊರಾಡೊದ ಸ್ಯಾನ್ ವಾನ್ ಪರ್ವತಗಳಲ್ಲಿ ಬಿದ್ದ ಹಿಮ ಕರಗಿ ಈ ನದಿಯಲ್ಲಿ ಹರಿದು ಬರುವ ನೀರು ಈ ಆಲಿಕೆಯ ಕೊರಳಿನಲ್ಲಿ ಹಾದುಹೋಗುತ್ತದೆ. 1889ರ ಜನವರಿಯಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ತನ್ನ ಮೊಟ್ಟಮೊದಲ ನದೀಮಾಪನ ಕೇಂದ್ರವನ್ನು ತೆರೆದದ್ದು ಇಲ್ಲಿ. ಇಂದು ಆ ಸಂಸ್ಥೆ ದೇಶದಾದ್ಯಂತ 8,000ಕ್ಕೂ ಹೆಚ್ಚು ಇಂಥ ಕೇಂದ್ರಗಳನ್ನು ನಡೆಸುತ್ತಿದೆ. ಎಂಬುಡೊ ಕೇಂದ್ರವೂ ಇಂದಿಗೂ ಕೆಲಸ ಮಾಡುತ್ತಿದೆ.

ಈ ವ್ಯವಸ್ಥೆಗೆ ಬೀಜ ಹಾಕಿದಾತ ಜಾನ್ ವೆಸ್ಲಿ ಪೊವೆಲ್. ಗ್ರ್ಯಾಂಡ್ ಕ್ಯಾನ್ಯನ್ ಕಂದರವನ್ನು ದೋಣಿಯಲ್ಲಿ ದಾಟಿದ ಒಂಟಿಗೈ ಸಾಹಸಿಯೆಂದು ಈತ ಪ್ರಸಿದ್ಧ. ಆದರೆ ಆ ಸಾಹಸಕ್ಕೆ ಹಿಡಿದದ್ದು ಮೂರು ತಿಂಗಳು ಮಾತ್ರ. ನದಿಯಲ್ಲಿ ಎಷ್ಟು ನೀರಿದೆಯೆಂದು ತಿಳಿಯದೆ ಅದನ್ನು ಯಾರಿಗೂ ಹಂಚಬಾರದು ಎಂಬ ಒಂದೇ ಮಾತಿಗಾಗಿ ಈತ ಹೋರಾಡಿದ್ದು ಅನೇಕ ವರ್ಷ. ತನ್ನ ಹುದ್ದೆಯನ್ನೂ ಕೊನೆಗೆ ಅದಕ್ಕಾಗಿಯೇ ಕಳೆದುಕೊಂಡ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಪೊವೆಲ್ ಹುಟ್ಟಿದ್ದು 1834ರ ಮಾರ್ಚ್ 24ರಂದು, ನ್ಯೂಯಾರ್ಕ್ ರಾಜ್ಯದ ಮೌಂಟ್ ಮಾರಿಸ್ ಎಂಬಲ್ಲಿ. ತಂದೆತಾಯಿಗಳು ಇಂಗ್ಲೆಂಡಿನಿಂದ ವಲಸೆ ಬಂದವರು. ತಂದೆ ಮೆಥಡಿಸ್ಟ್ ಪಂಥದ ಧರ್ಮಬೋಧಕ. ಆ ಪಂಥದ ಸ್ಥಾಪಕನ ಹೆಸರನ್ನೇ ಮಗನಿಗೆ ಇಟ್ಟ. ಕುಟುಂಬ ಒಹಾಯೊ, ವಿಸ್ಕಾನ್ಸಿನ್, ಇಲಿನಾಯ್ ಎಂದು ಊರಿಂದೂರಿಗೆ ಸಾಗಿತು. ಒಹಾಯೊದ ಜಾಕ್ಸನ್ ಊರಿನಲ್ಲಿ ತಂದೆ ಗುಲಾಮಗಿರಿಯನ್ನು ಬಹಿರಂಗವಾಗಿ ವಿರೋಧಿಸುತ್ತಿದ್ದುದರಿಂದ ಶಾಲೆಯಲ್ಲಿ ಮಗನಿಗೆ ಕಿರುಕುಳ ತಪ್ಪಲಿಲ್ಲ. ಕೊನೆಗೆ ಹುಡುಗನನ್ನು ಶಾಲೆ ಬಿಡಿಸಿ ನೆರೆಯ ಜಾರ್ಜ್ ಕ್ರೂಕಮ್ ಎಂಬಾತನ ಬಳಿ ಪಾಠಕ್ಕೆ ಹಾಕಿದರು. ಕ್ರೂಕಮ್ ಸ್ವಂತ ಓದಿನಿಂದ ಬೆಳೆದ ನಿಸರ್ಗವಿಜ್ಞಾನಿ. ಕಲ್ಲು, ಗಿಡ, ಪಳೆಯುಳಿಕೆಗಳನ್ನು ಕೂಡಿಟ್ಟು ಮನೆಯಲ್ಲೇ ಸಣ್ಣ ವಸ್ತುಸಂಗ್ರಹಾಲಯ ಮಾಡಿಕೊಂಡಿದ್ದವನು. ಮಗ ಧರ್ಮಬೋಧಕನಾಗಬೇಕೆಂಬ ತಂದೆಯ ಆಸೆ ಅಲ್ಲಿಗೆ ಮುಗಿಯಿತು.

ಪೊವೆಲ್ ಇಲಿನಾಯ್ ಮತ್ತು ಒಹಾಯೊದ ಕೆಲವು ಕಾಲೇಜುಗಳಲ್ಲಿ ಓದಿದರೂ ಯಾವುದರಿಂದಲೂ ಪದವಿ ಪಡೆಯಲಿಲ್ಲ. ಹಳ್ಳಿಶಾಲೆಗಳಲ್ಲಿ ಪಾಠ ಹೇಳಿ ಹೊಟ್ಟೆ ಹೊರೆದುಕೊಂಡ. ಬಿಡುವಿನಲ್ಲಿ ನದಿಗಳ ಬೆನ್ನು ಹತ್ತಿದ. 1856ರಲ್ಲಿ ಮಿಸಿಸಿಪಿ ನದಿಯ ಮೇಲ್ದಂಡೆಯಿಂದ ಕಡಲಿನವರೆಗೆ ಒಬ್ಬನೇ ದೋಣಿ ನಡೆಸಿದ. ಮರುವರ್ಷ ಪಿಟ್ಸ್‌ಬರ್ಗ್‌ನಿಂದ ಹೊರಟು ಒಹಾಯೊ ನದಿಯನ್ನು ಉದ್ದಕ್ಕೂ ನೋಡಿದ. ಆಗ ಈತ ಹುಡುಕುತ್ತಿದ್ದದ್ದು ನದಿಯ ಚಿಪ್ಪುಗಳನ್ನು. ಆದರೆ ದಡದಲ್ಲಿ ನಿಂತು ನೋಡಿದ ನದಿ ಬೇರೆ, ನೀರಿನ ಮೇಲಿಂದ ಕಂಡ ನದಿ ಬೇರೆ ಎಂಬ ತಿಳಿವಳಿಕೆ ಈ ಪಯಣಗಳಲ್ಲೇ ಮೂಡಿತು.

ಯುದ್ಧದಲ್ಲಿ ಕೈ ಕಳೆದುಕೊಂಡದ್ದು

1861ರಲ್ಲಿ ಅಂತರ್ಯುದ್ಧ ಆರಂಭವಾದೊಡನೆ ಪೊವೆಲ್ ಉತ್ತರದ ಸೈನ್ಯಕ್ಕೆ ಸಾಮಾನ್ಯ ಸಿಪಾಯಿಯಾಗಿ ಸೇರಿದ. ಕೋಟೆಕೊತ್ತಲಗಳನ್ನು ಕಟ್ಟಿಸುವ ಜಾಣ್ಮೆಯಿಂದ ಬೇಗ ಮೇಲೇರಿ ಫಿರಂಗಿದಳವೊಂದರ ಕ್ಯಾಪ್ಟನ್ ಆದ. ಅದೇ ವರ್ಷದ ಕೊನೆಯಲ್ಲಿ ಎಮ್ಮಾ ಡೀನ್ ಜೊತೆ ವಿವಾಹವಾಯಿತು. 1862ರ ಏಪ್ರಿಲ್ 6ರಂದು ಶೈಲೋ ಕದನದಲ್ಲಿ, ಫಿರಂಗಿ ಹಾರಿಸಲು ಸನ್ನೆ ಮಾಡಲೆಂದು ಬಲಗೈ ಎತ್ತಿದಾಗ ಗುಂಡು ತಗುಲಿತು. ಮೊಣಕೈಯ ಕೆಳಗೆ ಕೈಯನ್ನು ಕತ್ತರಿಸಬೇಕಾಯಿತು. ಗಾಯ ಮಾಗಿದ ಮೇಲೆ ಈತ ಮನೆಗೆ ಮರಳದೆ ದಳಕ್ಕೆ ಹಿಂದಿರುಗಿ, ವಿಕ್ಸ್‌ಬರ್ಗ್ ಮುತ್ತಿಗೆಯಲ್ಲೂ ಪಾಲ್ಗೊಂಡು, 1865ರ ಆರಂಭದಲ್ಲಿ ಮೇಜರ್ ದರ್ಜೆಯೊಂದಿಗೆ ನಿವೃತ್ತನಾದ. ಕತ್ತರಿಸಿದ ಕೈಯ ನರಗಳ ನೋವು ಮಾತ್ರ ಜೀವನವಿಡೀ ಕಾಡಿತು.

ಕಂದರಯಾನ

ಯುದ್ಧಾನಂತರ ಪೊವೆಲ್ ಇಲಿನಾಯ್ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕನಾದ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ರಾಕಿ ಪರ್ವತಗಳಿಗೆ ಹೋಗುತ್ತಿದ್ದ ಈತ 1868ರ ಆಗಸ್ಟ್‌ನಲ್ಲಿ ಲಾಂಗ್ಸ್ ಶಿಖರವನ್ನು ಏರಿದ. ಆ ಶಿಖರದ ಆರೋಹಣಗಳಲ್ಲಿ ದಾಖಲೆಗೆ ಸಿಗುವ ಮೊದಲನೆಯದು ಅದೇ. ಪಶ್ಚಿಮದ ಇಳಿಜಾರಿನಲ್ಲಿ ಹರಿಯುವ ನೀರು ಎಲ್ಲಿಗೆ, ಹೇಗೆ ಹೋಗುತ್ತದೆ ಎಂಬ ಪ್ರಶ್ನೆ ಆಗಲೇ ತಲೆಹೊಕ್ಕಿತ್ತು. ಅಂದಿನ ಭೂಪಟಗಳಲ್ಲಿ ಕೊಲೊರಾಡೊ ಕಣಿವೆಯ ದೊಡ್ಡ ಭಾಗ ಖಾಲಿಯಾಗಿಯೇ ಇತ್ತು.

1869ರ ಮೇ 24ರಂದು ವಯೋಮಿಂಗ್‌ನ ಗ್ರೀನ್ ರಿವರ್ ನಿಲ್ದಾಣದಿಂದ ನಾಲ್ಕು ದೋಣಿಗಳಲ್ಲಿ ಹತ್ತು ಜನ ಹೊರಟರು. ಹತ್ತು ತಿಂಗಳಿಗೆ ಸಾಲುವಷ್ಟು ದಿನಸಿ ಜೊತೆಗಿತ್ತು. ಎರಡು ವಾರ ಕಳೆದ ಸ್ವಲ್ಪದರಲ್ಲೇ ಲೊಡೋರ್ ಕಂದರದಲ್ಲಿ ಒಂದು ದೋಣಿ ಬಂಡೆಗೆ ಬಡಿದು ಒಡೆಯಿತು. ಆಹಾರದ ದೊಡ್ಡ ಪಾಲು ನೀರುಪಾಲಾಯಿತು. ಎತ್ತರ ಅಳೆಯುವ ವಾಯುಭಾರಮಾಪಕಗಳೆಲ್ಲ ಅದೇ ದೋಣಿಯಲ್ಲಿದ್ದವು. ಅವಿಲ್ಲದೆ ಯಾತ್ರೆಗೆ ಅರ್ಥವೇ ಇರಲಿಲ್ಲ. ನದಿ ಎಷ್ಟು ಇಳಿದಿದೆ, ಇನ್ನೆಷ್ಟು ಇಳಿಯಬೇಕಿದೆ ಎಂದು ಹೇಳಬಲ್ಲ ಸಾಧನಗಳು ಅವು. ಮರುದಿನ ಇಬ್ಬರು ಪ್ರಾಣದ ಹಂಗು ತೊರೆದು ಒಡೆದ ದೋಣಿಯ ಚೂರನ್ನು ತಲುಪಿ ಅವನ್ನು ತಂದರು. ಜೊತೆಗೆ ಗುಟ್ಟಾಗಿ ಬಚ್ಚಿಟ್ಟಿದ್ದ ವಿಸ್ಕಿಯ ಪೀಪಾಯಿಯೂ ಸಿಕ್ಕಿತು; ತಂಡದ ಹರ್ಷೋದ್ಗಾರಕ್ಕೆ ಯಾವುದು ಹೆಚ್ಚು ಕಾರಣವೆಂದು ಪೊವೆಲ್‌ಗೆ ಆಮೇಲೆ ತಿಳಿಯಿತು.

ಜುಲೈನಲ್ಲಿ ಒಬ್ಬ ತಂಡ ಬಿಟ್ಟ. ಉಳಿದವರು ಗ್ರ್ಯಾಂಡ್ ಕ್ಯಾನ್ಯನ್ ಹೊಕ್ಕಾಗ ಹಿಟ್ಟು ಮುಗ್ಗಿತ್ತು, ಮಾಂಸ ಕೆಟ್ಟಿತ್ತು. ಎಷ್ಟೇ ಹಸಿವಾದರೂ ಪೊವೆಲ್ ಒಂಟಿಗೈಯಲ್ಲಿ ಗೋಡೆಯಂಥ ಬಂಡೆಗಳನ್ನು ಹತ್ತಿ ಎತ್ತರ ಅಳೆಯುವುದನ್ನು ಬಿಡಲಿಲ್ಲ. ಹೀಗೊಮ್ಮೆ ಮೇಲೂ ಹೋಗಲಾಗದೆ ಕೆಳಗೂ ಇಳಿಯಲಾಗದೆ ಸಿಕ್ಕಿಕೊಂಡಾಗ, ಮೇಲಿದ್ದ ಸಂಗಡಿಗನೊಬ್ಬ ತನ್ನ ಉದ್ದನೆಯ ಒಳಚಡ್ಡಿಯನ್ನೇ ಬಿಚ್ಚಿ ಇಳಿಬಿಟ್ಟು ಈತನನ್ನು ಎಳೆದುಕೊಂಡ. ಆಗಸ್ಟ್ 28ರಂದು ಭೀಕರವಾದ ಧುಮುಕೊಂದರ ಎದುರು ಮೂವರು ಮುಂದೆ ಬರಲು ಒಪ್ಪದೆ, ಕಂದರ ಹತ್ತಿ ನೆಲದ ಹಾದಿ ಹಿಡಿದರು. ದೋಣಿಯಲ್ಲಿ ಉಳಿದ ಆರು ಜನ ಎರಡು ದಿನಗಳಲ್ಲಿ ಕಂದರದಿಂದ ಪಾರಾಗಿ ವರ್ಜಿನ್ ನದಿಯ ಸಂಗಮ ಸೇರಿದರು. ಹತ್ತಿಹೋದ ಮೂವರು ಮರಳಲಿಲ್ಲ. ಮರುವರ್ಷ ಪೊವೆಲ್ ಆ ಪ್ರದೇಶದ ಶಿವ್ವಿಟ್ಸ್ ಜನರೊಡನೆ ಕುಳಿತು ಮಾತಾಡಿದಾಗ, ಬೇರೆ ಯಾರೋ ಅಪರಾಧಿಗಳೆಂದು ತಪ್ಪಾಗಿ ತಿಳಿದು ಅವರನ್ನು ಕೊಂದರೆಂಬ ವಿವರಣೆ ದೊರೆಯಿತು. ಆ ಸಾವುಗಳ ಬಗೆಗಿನ ಚರ್ಚೆ ಇಂದಿಗೂ ಮುಗಿದಿಲ್ಲ.

ಮೊದಲ ಯಾತ್ರೆಯ ಟಿಪ್ಪಣಿಗಳು ಸಾಲವೆಂದು 1871–72ರಲ್ಲಿ ಪೊವೆಲ್ ಛಾಯಾಗ್ರಾಹಕರು ಮತ್ತು ಭೂಮಾಪಕರೊಡನೆ ಮತ್ತೊಮ್ಮೆ ಅದೇ ನದಿಗೆ ಇಳಿದ. ಭೂಪಟದ ಖಾಲಿ ಜಾಗ ತುಂಬತೊಡಗಿದ್ದು ಈ ಎರಡನೆಯ ಯಾತ್ರೆಯಿಂದ.

ಒಣನೆಲದ ವರದಿ

ಅಂದಿನ ಕಾನೂನಿನಂತೆ ಪಶ್ಚಿಮಕ್ಕೆ ಹೋಗಿ ನೆಲೆಸುವ ಪ್ರತಿ ಕುಟುಂಬಕ್ಕೆ ಸರ್ಕಾರ 160 ಎಕರೆ ಭೂಮಿ ಕೊಡುತ್ತಿತ್ತು. ಮಳೆ ಚೆನ್ನಾಗಿ ಬೀಳುವ ಪೂರ್ವದ ರಾಜ್ಯಗಳಿಗೆ ಹೊಂದುವ ಲೆಕ್ಕವದು. ನೇಗಿಲು ಊರಿದಲ್ಲಿ ಮಳೆ ತಾನಾಗಿ ಹಿಂಬಾಲಿಸುತ್ತದೆಂಬ ನಂಬಿಕೆಯನ್ನು ರೈಲ್ವೆ ಕಂಪನಿಗಳೂ ಭೂವ್ಯಾಪಾರಿಗಳೂ ಹರಡಿದ್ದರು. 1878ರಲ್ಲಿ ಪೊವೆಲ್ ಒಣಪ್ರದೇಶದ ಭೂಮಿಯನ್ನು ಕುರಿತ ವರದಿಯನ್ನು ಸಲ್ಲಿಸಿ ಈ ನಂಬಿಕೆಯ ಬುಡಕ್ಕೆ ಕೊಡಲಿ ಹಾಕಿದ. ಸರಿಸುಮಾರು 100ನೆಯ ರೇಖಾಂಶದ ಪಶ್ಚಿಮಕ್ಕೆ ವರ್ಷಕ್ಕೆ 20 ಅಂಗುಲಕ್ಕಿಂತ ಕಡಿಮೆ ಮಳೆಯಾಗುತ್ತದೆ. ಅಲ್ಲಿ ನೀರಾವರಿಯಿಲ್ಲದೆ ಬೇಸಾಯ ನಡೆಯದು. ನೀರಾವರಿಗೆ ಬೇಕಾದಷ್ಟು ನೀರು ಎಲ್ಲ ಭೂಮಿಗೂ ಇಲ್ಲ ಎಂಬುದು ಅದರ ಸಾರ.

ಇದು ಬರೀ ಅಭಿಪ್ರಾಯವಾಗಿರಲಿಲ್ಲ. ಪೊವೆಲ್‌ನ ಸಹೋದ್ಯೋಗಿ ಗ್ರೋವ್ ಕಾರ್ಲ್ ಗಿಲ್ಬರ್ಟ್ ಯೂಟಾದ ಬೆಟ್ಟಗಳಿಂದ ಇಳಿಯುವ ಹೊಳೆಗಳ ಹರಿವನ್ನು ಅಳೆದಿದ್ದ; ಗ್ರೇಟ್ ಸಾಲ್ಟ್ ಸರೋವರದ ನೀರಿನ ಮಟ್ಟ ವರ್ಷದಿಂದ ವರ್ಷಕ್ಕೆ ಹೇಗೆ ಏರಿಳಿಯಿತೆಂದು ಪರಿಶೀಲಿಸಿದ್ದ. ಆ ಅಳತೆಗಳ ಪ್ರಕಾರ ಯೂಟಾದ ನೆಲದಲ್ಲಿ ನೀರಾವರಿಗೆ ಒಳಪಡಬಹುದಾದದ್ದು ಶೇಕಡ 3ಕ್ಕಿಂತ ಕಡಿಮೆ. ಆದ್ದರಿಂದ ನೀರಾವರಿ ಭೂಮಿಯಾದರೆ ಕುಟುಂಬಕ್ಕೆ 80 ಎಕರೆ ಸಾಕು, ಹುಲ್ಲುಗಾವಲಾದರೆ 2,560 ಎಕರೆ ಬೇಕು ಎಂದು ಪೊವೆಲ್ ಸೂಚಿಸಿದ. ಗಡಿಗಳನ್ನು ಕಾಗದದ ಮೇಲೆ ಚೌಕಾಕಾರವಾಗಿ ಎಳೆಯದೆ ನೀರಿನ ಹರಿವನ್ನು ಅನುಸರಿಸಿ ಗುರುತಿಸಬೇಕು. ನೀರಿನ ಹಕ್ಕು ಭೂಮಿಯಿಂದ ಬೇರೆಯಾಗಬಾರದು. ರೈತರೇ ಕೂಡಿ ಕಾಲುವೆಗಳನ್ನು ನೋಡಿಕೊಳ್ಳಬೇಕು ಎಂಬವು ಉಳಿದ ಸಲಹೆಗಳು. ಕಾಂಗ್ರೆಸ್ ಸಭೆ ಅವನ್ನು ಕಾನೂನು ಮಾಡಲಿಲ್ಲ.

1879ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಹುಟ್ಟಿತು. ಅದೇ ವರ್ಷ ಸ್ಥಾಪನೆಯಾದ ಜನಾಂಗ ಅಧ್ಯಯನ ಇಲಾಖೆಗೆ ಪೊವೆಲ್ ನಿರ್ದೇಶಕನಾದ; 1881ರಲ್ಲಿ ಸರ್ವೇಕ್ಷಣದ ಹೊಣೆಯೂ ಈತನಿಗೇ ಬಂದಿತು. ಉತ್ತರ ಅಮೆರಿಕದ ಮೂಲನಿವಾಸಿಗಳ ಭಾಷೆಗಳನ್ನು 58 ಕುಟುಂಬಗಳಾಗಿ ವಿಂಗಡಿಸಿದ ವರ್ಗೀಕರಣ 1891ರಲ್ಲಿ ಈತನ ಇಲಾಖೆಯಿಂದ ಹೊರಬಂದಿತು. ಪೊವೆಲ್ ಪೈಯೂಟ್ ಜನರ ಭಾಷೆಯನ್ನು ಕಲಿತು, ಆಯುಧವಿಲ್ಲದೆ ಅವರ ನಡುವೆ ಹೋಗಿ ಬರುತ್ತಿದ್ದವನು. ಆದರೂ ಅವರು ತಮ್ಮ ಬದುಕಿನ ಕ್ರಮ ತೊರೆದು ಮೀಸಲು ಪ್ರದೇಶಗಳಲ್ಲಿ ಬೇಸಾಯಗಾರರಾಗಬೇಕೆಂಬುದೇ ಈತನ ನಿಲುವಾಗಿತ್ತು. ಒಣನೆಲದ ನೀರನ್ನು ಹಂಚುವ ಯೋಜನೆಯಲ್ಲಿ ಆ ನೀರಿನ ದಡದಲ್ಲಿ ತಲೆತಲಾಂತರದಿಂದ ಇದ್ದವರ ಪಾಲು ಗೌಣವಾಯಿತು. ಇದನ್ನು ಮರೆತು ಪೊವೆಲ್‌ನ ದೂರದೃಷ್ಟಿಯನ್ನು ಹೊಗಳುವುದು ಅರ್ಧ ಸತ್ಯವಾದೀತು.

ಎಂಬುಡೊ ಶಿಬಿರ

1880ರ ದಶಕದ ಕೊನೆಯಲ್ಲಿ ಪಶ್ಚಿಮದ ಬಯಲುಗಳಲ್ಲಿ ಬರ ಬಿದ್ದು ರೈತರು ದಿಕ್ಕೆಟ್ಟಾಗ, ಹತ್ತು ವರ್ಷ ಮೂಲೆಗೆ ಸೇರಿದ್ದ ವರದಿ ನೆನಪಾಯಿತು. 1888ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ನೀರಾವರಿ ಸಮೀಕ್ಷೆಗೆಂದು 1,00,000 ಡಾಲರು ಮಂಜೂರು ಮಾಡಿತು. ಜಲಾಶಯ ಕಟ್ಟಲು ತಕ್ಕ ಎಡೆ ಯಾವುದು, ಕಾಲುವೆ ಎಲ್ಲಿ ಹಾಯಬೇಕು, ಯಾವ ಭೂಮಿಗೆ ನೀರು ಮುಟ್ಟೀತು ಎಂದು ಹುಡುಕುವುದು ಕೆಲಸ. ಇವೆಲ್ಲಕ್ಕೂ ಮೊದಲು ಉತ್ತರ ಬೇಕಾದ ಪ್ರಶ್ನೆ ಒಂದೇ: ಹೊಳೆಯಲ್ಲಿ ನೀರೆಷ್ಟು? ಆ ಪ್ರಶ್ನೆಗೆ ಉತ್ತರಿಸಬಲ್ಲ ತರಬೇತಾದ ಜನ ಸರ್ಕಾರದ ಬಳಿ ಇರಲಿಲ್ಲ.

1888ರ ಡಿಸೆಂಬರ್‌ನಲ್ಲಿ ಎಂಬುಡೊದಲ್ಲಿ ಡೇರೆಗಳೆದ್ದವು. ರೈಲು ಅಲ್ಲಿಯವರೆಗೆ ಹೋಗುತ್ತಿತ್ತು. ಪರ್ವತದ ಮೇಲ್ಭಾಗದಷ್ಟು ಕಠಿಣವಾದ ಚಳಿಗಾಲ ಅಲ್ಲಿರಲಿಲ್ಲ. ಶಿಬಿರದ ಹೊಣೆ ಹೊತ್ತವನು ಫ್ರೆಡರಿಕ್ ಹೇನ್ಸ್ ನ್ಯೂವೆಲ್ ಎಂಬ 26 ವರ್ಷದ ಎಂಜಿನಿಯರ್. ಕೈಕೆಳಗಿದ್ದವರು ಕಾಲೇಜು ಬಿಟ್ಟು ಬಂದ ತರುಣರು. ಸಾಧನಗಳು ಅರೆಬರೆ; ವಿಧಾನಗಳನ್ನು ಅಲ್ಲೇ ಪ್ರಯೋಗ ಮಾಡಿ ಕಂಡುಕೊಳ್ಳಬೇಕಿತ್ತು. ಚಳಿಗಾಲವಿಡೀ ಕಲಿತ ಈ ತರುಣರು ವಸಂತದಲ್ಲಿ ಪಶ್ಚಿಮದ ಬೇರೆ ಬೇರೆ ನದಿಗಳಿಗೆ ಹಂಚಿಹೋದರು. ದೇಶದ ನದೀಮಾಪನ ವ್ಯವಸ್ಥೆಗೆ ಆ ಡೇರೆಗಳೇ ಪಾಠಶಾಲೆ.

ಬೆಟ್ಟದ ಹೊಳೆಯನ್ನು ಅಳೆಯುವ ಬಗೆ

ಕಾವೇರಿಯ ಸುದ್ದಿ ಕೇಳುತ್ತ ಬೆಳೆದ ನಮಗೆ ಕ್ಯೂಸೆಕ್ ಎಂಬ ಮಾತು ಹೊಸದಲ್ಲ: ಒಂದು ಸೆಕೆಂಡಿನಲ್ಲಿ ಹಾದುಹೋಗುವ ಒಂದು ಘನ ಅಡಿ ನೀರು. ಆದರೆ ಆ ಅಂಕಿಯನ್ನು ಹೊಳೆಯಿಂದ ನೇರವಾಗಿ ಓದಲು ಬರುವುದಿಲ್ಲ. ಸುಲಭವಾಗಿ ಓದಲಾಗುವುದು ನೀರಿನ ಮಟ್ಟವನ್ನು ಮಾತ್ರ. ದಡದಲ್ಲಿ ಅಡಿ ಅಂಗುಲಗಳ ಗುರುತಿರುವ ಮಟ್ಟಗೋಲನ್ನು ನೆಟ್ಟರೆ ಯಾರು ಬೇಕಾದರೂ ದಿನವೂ ನೋಡಿ ಬರೆದಿಡಬಹುದು. ಮಟ್ಟದಿಂದ ಹರಿವನ್ನು ತಿಳಿಯುವ ದಾರಿಯೇ ಈ ವಿದ್ಯೆಯ ತಿರುಳು.

ಮೊದಲು ಹೊಳೆಯ ಅಡ್ಡಗಲವನ್ನು ಹಲವು ಪಟ್ಟಿಗಳಾಗಿ ವಿಂಗಡಿಸುತ್ತಾರೆ. ಪ್ರತಿ ಪಟ್ಟಿಯಲ್ಲೂ ಆಳವನ್ನು ಅಳೆದು, ನೀರಿನ ವೇಗವನ್ನು ಪ್ರವಾಹಮಾಪಕದಿಂದ ಕಂಡುಹಿಡಿಯುತ್ತಾರೆ. ಮುಂದೆ ಸರ್ವೇಕ್ಷಣದಲ್ಲಿ ನೆಲೆಯೂರಿದ ಪ್ರೈಸ್ ಮಾಪಕದಲ್ಲಿ ಸಣ್ಣ ಬಟ್ಟಲುಗಳ ಚಕ್ರವಿರುತ್ತದೆ. ನೀರಿನ ಸೆಳೆತಕ್ಕೆ ಅದು ತಿರುಗುವ ಸುತ್ತುಗಳನ್ನು ಎಣಿಸಿದರೆ ವೇಗ ತಿಳಿಯುತ್ತದೆ. ಮೇಲ್ಮೈಯಲ್ಲಿ ನೀರು ಚುರುಕು, ತಳದಲ್ಲಿ ನಿಧಾನ; ಆದ್ದರಿಂದ ಮೇಲಿನಿಂದ ಹತ್ತರಲ್ಲಿ ಆರು ಪಾಲು ಆಳದಲ್ಲಿ ಅಳೆದ ವೇಗವನ್ನು ಆ ಪಟ್ಟಿಯ ಸರಾಸರಿಯೆಂದು ಹಿಡಿಯುವುದು ರೂಢಿ. ಅಗಲ, ಆಳ, ವೇಗಗಳನ್ನು ಗುಣಿಸಿ ಎಲ್ಲ ಪಟ್ಟಿಗಳನ್ನೂ ಕೂಡಿಸಿದರೆ ಆ ಹೊತ್ತಿನ ಹರಿವು ಸಿಗುತ್ತದೆ. ಹೀಗೆ ನೀರು ತಗ್ಗಿದಾಗ, ಏರಿದಾಗ, ಉಕ್ಕಿದಾಗ ಮತ್ತೆ ಮತ್ತೆ ಅಳೆದು, ಯಾವ ಮಟ್ಟಕ್ಕೆ ಎಷ್ಟು ಹರಿವು ಎಂಬ ರೇಖೆಯನ್ನು ಎಳೆಯುತ್ತಾರೆ. ಆಮೇಲೆ ಮಟ್ಟಗೋಲನ್ನು ಓದಿದರೆ ಸಾಕು, ಹರಿವನ್ನು ರೇಖೆಯೇ ಹೇಳುತ್ತದೆ.

ಬಯಲಿನ ನದಿಯಲ್ಲಿ ಇದು ಒಂದು ಮಟ್ಟಿಗೆ ಸುಲಭ. ಬೆಟ್ಟದ ಹೊಳೆ ಹಾಗಲ್ಲ. ಅದು ಬಂಡೆ, ಮರಳುಗಳನ್ನು ಉರುಳಿಸಿಕೊಂಡು ಬರುತ್ತದೆ. ಒಂದು ಪ್ರವಾಹದಲ್ಲಿ ತಳ ಕೊರೆದುಹೋದರೆ ಅಥವಾ ಹೂಳು ತುಂಬಿದರೆ ಹಿಂದಿನ ರೇಖೆ ಸುಳ್ಳಾಗುತ್ತದೆ. ಮತ್ತೆ ಮೊದಲಿನಿಂದ ಅಳೆಯಬೇಕು. ಚಳಿಗಾಲದಲ್ಲಿ ಮಂಜುಗಡ್ಡೆ ಕಟ್ಟಿ, ಹರಿವು ಕಡಿಮೆಯಿದ್ದರೂ ಮಟ್ಟ ಏರಿದಂತೆ ಕಾಣುತ್ತದೆ. ವಸಂತದಲ್ಲಿ ಮಧ್ಯಾಹ್ನದ ಬಿಸಿಲಿಗೆ ಕರಗಿದ ಹಿಮದ ನೀರು ಕೆಳಗಿನ ಕೇಂದ್ರವನ್ನು ಗಂಟೆಗಳ ನಂತರ ತಲುಪುತ್ತದೆ. ಬೆಳಿಗ್ಗೆ ಒಮ್ಮೆ ಮಾತ್ರ ಮಟ್ಟ ಓದುವವನಿಗೆ ರಾತ್ರಿ ಹಾದುಹೋದ ಏರಿಕೆ ಕಾಣುವುದೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ವರ್ಷದ ಹರಿವು ಇನ್ನೊಂದು ವರ್ಷದಂತಿರುವುದಿಲ್ಲ. ಒಳ್ಳೆಯ ವರ್ಷವೂ ಕೆಟ್ಟ ವರ್ಷವೂ ಸೇರಿದ ದೀರ್ಘ ದಾಖಲೆಯಿಲ್ಲದೆ ಸರಾಸರಿ ಎಂಬ ಮಾತಿಗೆ ಬೆಲೆಯಿಲ್ಲ. ಪೊವೆಲ್ ಕಾಲಾವಕಾಶ ಕೇಳಿದ್ದು ಇದಕ್ಕಾಗಿಯೇ.

ಸೋಲು

ಕಾಲಾವಕಾಶವೇ ಸಿಗಲಿಲ್ಲ. ಜಲಾಶಯದ ಜಾಗಗಳನ್ನು ಭೂವ್ಯಾಪಾರಿಗಳು ಮುಂಚಿತವಾಗಿ ಹಿಡಿದುಕೊಳ್ಳದಂತೆ, ನೀರಾವರಿಗೆ ಒದಗಬಹುದಾದ ಸಾರ್ವಜನಿಕ ಭೂಮಿಯನ್ನು ಯಾರಿಗೂ ಕೊಡಬಾರದೆಂಬ ಷರತ್ತು 1888ರ ಕಾನೂನಿನಲ್ಲಿ ಸೇರಿತ್ತು. ಅದನ್ನು ಅಕ್ಷರಶಃ ಜಾರಿಗೆ ತಂದಾಗ ಪಶ್ಚಿಮದ ಬಹುಭಾಗದಲ್ಲಿ ಭೂಮಿ ಹಂಚಿಕೆಯೇ ನಿಂತುಹೋಯಿತು. ಸಮೀಕ್ಷೆ ಎಂದು ಮುಗಿಯುತ್ತದೆಂದು ಕೇಳಿದವರಿಗೆ ಪೊವೆಲ್ ಕೊಟ್ಟ ಉತ್ತರ ವರ್ಷಗಳ ಲೆಕ್ಕದ್ದು. ಮೊದಲು ಸಮೀಕ್ಷೆಯನ್ನು ಬೆಂಬಲಿಸಿದ್ದ ನೆವಾಡದ ಸೆನೆಟರ್ ವಿಲಿಯಂ ಸ್ಟೂವರ್ಟ್ ಕಡುವೈರಿಯಾದ. 1890ರ ಆಗಸ್ಟ್‌ನಲ್ಲಿ ಕಾಂಗ್ರೆಸ್ ಷರತ್ತನ್ನು ತೆಗೆದುಹಾಕಿ, ಸಮೀಕ್ಷೆಯ ಹಣವನ್ನೂ ನಿಲ್ಲಿಸಿತು. ಎರಡು ವರ್ಷಗಳ ನಂತರ ಸರ್ವೇಕ್ಷಣ ಸಂಸ್ಥೆಯ ಒಟ್ಟು ಅನುದಾನಕ್ಕೂ ಕತ್ತರಿ ಬಿದ್ದಿತು.

1893ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನೀರಾವರಿ ಸಮಾವೇಶ ನಡೆಯಿತು. ಮರುಭೂಮಿಯೆಲ್ಲ ಹಸಿರಾಗುವ ಕನಸಿನಲ್ಲಿದ್ದ ಸಭೆಯೆದುರು ಪೊವೆಲ್ ಸಿದ್ಧಪಡಿಸಿದ್ದ ಭಾಷಣವನ್ನು ಬದಿಗಿಟ್ಟು, ಇರುವ ನೀರು ಆ ಭೂಮಿಗೆ ಸಾಲದು, ಹೀಗೇ ಮುಂದುವರಿದರೆ ನೀರಿನ ಹಕ್ಕಿಗಾಗಿ ಮುಗಿಯದ ಜಗಳಗಳನ್ನು ಮಕ್ಕಳಿಗೆ ಬಿಟ್ಟುಹೋಗುತ್ತೀರಿ ಎಂದು ಎಚ್ಚರಿಸಿದ. ಸಭೆ ಕೂಗಿ ಗೇಲಿ ಮಾಡಿತು. ಮರುವರ್ಷ, ಕೈಯ ನೋವು ಉಲ್ಬಣಿಸಿ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾದಾಗ, ಪೊವೆಲ್ ನಿರ್ದೇಶಕನ ಹುದ್ದೆಗೆ ರಾಜೀನಾಮೆ ಕೊಟ್ಟ. ಜನಾಂಗ ಅಧ್ಯಯನ ಇಲಾಖೆಯಲ್ಲಿ ಮಾತ್ರ ಕೊನೆಯವರೆಗೂ ಉಳಿದ. 1902ರ ಸೆಪ್ಟೆಂಬರ್ 23ರಂದು ಮೇನ್ ರಾಜ್ಯದ ಹೇವನ್ ಎಂಬಲ್ಲಿ ತೀರಿಕೊಂಡ. ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಈತನ ಸಮಾಧಿಯಿದೆ.

ಉಳಿದದ್ದು

ಸಮೀಕ್ಷೆ ನಿಂತರೂ ಎಂಬುಡೊದಲ್ಲಿ ಕಲಿತ ವಿದ್ಯೆ ನಿಲ್ಲಲಿಲ್ಲ. ನ್ಯೂವೆಲ್ ಕೈಗೆ ಸಿಕ್ಕಷ್ಟು ಹಣದಲ್ಲಿ ಮಾಪನವನ್ನು ಜೀವಂತವಾಗಿಟ್ಟ. 1894ರಲ್ಲಿ ನದಿಗಳ ಅಳತೆಗೆಂದೇ 12,500 ಡಾಲರು ಮಂಜೂರಾಯಿತು. ಅಲ್ಲಿಂದ ಕೇಂದ್ರಗಳು ಬೆಳೆಯುತ್ತ ಹೋದವು. ಪೊವೆಲ್ ತೀರಿಕೊಳ್ಳುವ ಮೂರು ತಿಂಗಳ ಮೊದಲು ಸರ್ಕಾರವೇ ನೀರಾವರಿ ಯೋಜನೆಗಳನ್ನು ಕೈಗೊಳ್ಳುವ ಕಾನೂನು ಬಂದಿತು. ಅದರಡಿ ಹುಟ್ಟಿದ ಇಲಾಖೆಯ ಮೊದಲ ಮುಖ್ಯ ಎಂಜಿನಿಯರ್ ನ್ಯೂವೆಲ್.

ಆದರೆ ಅಳತೆಗೆ ಮುನ್ನ ಹಂಚಿಕೆ ಎಂಬ ತಪ್ಪು ದೊಡ್ಡ ಪ್ರಮಾಣದಲ್ಲೇ ನಡೆಯಿತು. 1922ರ ನವೆಂಬರ್‌ನಲ್ಲಿ ಎಂಬುಡೊದಿಂದ ಹೆಚ್ಚು ದೂರವಿಲ್ಲದ ಸ್ಯಾಂಟ ಫೆಯಲ್ಲಿ ಕೊಲೊರಾಡೊ ಒಪ್ಪಂದಕ್ಕೆ ಸಹಿ ಬಿದ್ದಿತು. ನದಿಯ ಮೇಲ್ಭಾಗಕ್ಕೂ ಕೆಳಭಾಗಕ್ಕೂ ತಲಾ 75 ಲಕ್ಷ ಎಕರೆ ಅಡಿ, ಅಂದರೆ ನಮ್ಮ ಲೆಕ್ಕದಲ್ಲಿ ತಲಾ ಸುಮಾರು 327 ಟಿಎಂಸಿ ನೀರು ನಿಗದಿಯಾಯಿತು. ಆಗ ಕೈಯಲ್ಲಿದ್ದ ದಾಖಲೆ ಕೆಲವೇ ವರ್ಷಗಳದ್ದು; ಅವು ಅಸಾಧಾರಣವಾಗಿ ಮಳೆ, ಹಿಮ ಹೆಚ್ಚಿದ್ದ ವರ್ಷಗಳು. ದಾಖಲೆ ಉದ್ದವಾದಂತೆ, ಕಾಗದದಲ್ಲಿ ಹಂಚಿದಷ್ಟು ನೀರು ನದಿಯಲ್ಲಿಲ್ಲವೆಂದು ತಿಳಿದುಬಂತು. 2021ರ ಆಗಸ್ಟ್‌ನಲ್ಲಿ ಕೆಳಭಾಗದ ನದಿಗೆ ಮೊದಲ ಬಾರಿಗೆ ಅಧಿಕೃತವಾಗಿ ನೀರಿನ ಕೊರತೆ ಘೋಷಣೆಯಾಯಿತು. ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಹಿಂದೆ ನಿಂತಿರುವ ಜಲಾಶಯಕ್ಕೆ ಪೊವೆಲ್ ಸರೋವರವೆಂದೇ ಹೆಸರು. ಇತ್ತೀಚಿನ ವರ್ಷಗಳಲ್ಲಿ ಅದರ ಬಂಡೆಗೋಡೆಗಳ ಮೇಲೆ, ಹಿಂದೆ ನೀರು ಮುಟ್ಟುತ್ತಿದ್ದ ಎತ್ತರವನ್ನು ತೋರಿಸುವ ಬಿಳಿಯ ಪಟ್ಟಿ ಎದ್ದು ಕಾಣುತ್ತದೆ.

ಫೀನಿಕ್ಸ್, ಸ್ಯಾನ್ ಡಿಯಾಗೊ, ಲಾಸ್ ಏಂಜಲೀಸ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರ ಮನೆಯ ನಲ್ಲಿಯಲ್ಲಿ ಈ ಕೊಲೊರಾಡೊ ನೀರಿನ ಪಾಲೂ ಇದೆ. ಪೊವೆಲ್‌ನ ಸಮೀಕ್ಷೆ ನಿಂತ ಎರಡೇ ವರ್ಷಕ್ಕೆ, 1892ರಲ್ಲಿ, ಮೈಸೂರು ಮತ್ತು ಮದರಾಸುಗಳ ನಡುವೆ ನದಿನೀರಿನ ಮೊದಲ ಒಪ್ಪಂದವಾಯಿತು. 2007ರ ಕಾವೇರಿ ನ್ಯಾಯಮಂಡಳಿಯ ತೀರ್ಪಿನಲ್ಲೂ ಮೊದಲು ತೀರ್ಮಾನವಾಗಬೇಕಾದದ್ದು ನದಿಯ ಒಟ್ಟು ನೀರೆಷ್ಟು ಎಂಬುದೇ. ಎರಡು ವರ್ಷಕ್ಕೊಮ್ಮೆಯಾದರೂ ದೊರೆಯುವಷ್ಟು ಎಂಬ ಆಧಾರದಲ್ಲಿ ಅದನ್ನು 740 ಟಿಎಂಸಿ ಎಂದು ಹಿಡಿಯಲಾಯಿತು. ಮಳೆ ಕೈಕೊಟ್ಟ ವರ್ಷದಲ್ಲಿ ಏನು ಮಾಡಬೇಕೆಂಬ ಪ್ರಶ್ನೆ ಅಲ್ಲೂ ಇಲ್ಲೂ ಒಂದೇ. ಅಂಥ ಜಗಳದಲ್ಲಿ ಎರಡು ಕಡೆಯವರೂ ನಂಬಬಹುದಾದದ್ದು ಏನಾದರೂ ಇದ್ದರೆ ಅದು ದಡದಲ್ಲಿ ನೆಟ್ಟ ಮಟ್ಟಗೋಲು ಮತ್ತು ಅದನ್ನು ವರ್ಷಗಟ್ಟಲೆ ತಪ್ಪದೆ ಓದಿ ಬರೆದಿಟ್ಟವರ ಪುಸ್ತಕ. ಪೊವೆಲ್ ಕೇಳಿದ್ದೂ ಅಷ್ಟನ್ನೇ.